ನಾಲ್ಕೂ ಚಕ್ರಗಳು ತಿರುಗಿದ ದಿನ

ನಮ್ಮ ವ್ಯಾನು ಡಾಂಬರಿನ ಮೇಲೆ ಓಡುವುದನ್ನು ಒಮ್ಮೆ ನೋಡಿದವರು ಪುಕ್ಕಟೆ ಕೊಟ್ಟರೂ ಅದನ್ನು ಒಯ್ಯುತ್ತಿರಲಿಲ್ಲ. ನೆಲದಿಂದ ಒಂದು ಮೊಳ ಎತ್ತರ ನಿಂತ ಗಾಡಿ. ಹತ್ತಬೇಕಾದರೆ ಬಾಗಿಲ ಹಿಡಿಕೆಗೆ ಜೋತು ಬೀಳಬೇಕು. ಅರವತ್ತರ ವೇಗ ದಾಟಿತೋ, ಒಳಗೆ ಕೂತವರು ಕೈಸನ್ನೆಯಲ್ಲೇ ಮಾತಾಡಬೇಕು. ತಿರುವಿನಲ್ಲಿ ಒಂದು ಕಡೆಗೆ ವಾಲಿ, ಸ್ವಲ್ಪ ಹೊತ್ತು ಯೋಚಿಸಿ, ಆಮೇಲೆ ನೆಟ್ಟಗಾಗುತ್ತಿತ್ತು. ಘೋಡಬಂದರ್ ರಸ್ತೆಯಲ್ಲಿ ಯೂ-ಟರ್ನ್ ಮಾಡಲು ಅದಕ್ಕೆ ಮೂರು ಸಲ ಹಿಂದೆ ಮುಂದೆ ಆಗಬೇಕು. ಹೊಸ ಟವರುಗಳಿಂದ ಹೊರಬಿದ್ದ ನುಣುಪು ಕಾರುಗಳು ಹಿಂದೆ ಸಾಲುಗಟ್ಟಿ ಹಾರ್ನ್ ಹೊಡೆಯುವಾಗ ನಾನು ಪಕ್ಕದ ಸೀಟಿನಲ್ಲಿ ಮುಖ ತಗ್ಗಿಸಿ ಕೂತಿರುತ್ತಿದ್ದೆ. ಗಾಡಿ ಹೊಡೆಯುವವಳು ನನ್ನ ಹೆಂಡತಿ. ಅವಳಿಗೆ ಹಾರ್ನೂ ಕೇಳಿಸುತ್ತಿರಲಿಲ್ಲ, ನನ್ನ ಗೊಣಗಾಟವೂ ಕೇಳಿಸುತ್ತಿರಲಿಲ್ಲ.

ಅದನ್ನು ಕೊಂಡವಳೂ ಅವಳೇ. ನಾನು ಬಾಗಲಕೋಟೆ ಕಡೆಯವನು, ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ಲಾರಿ ತೂಗುವ ಕಾಟಾದ ಮೇಲೆ ಗುಮಾಸ್ತ. ಅವಳು ಉಡುಪಿ ಕಡೆಯವಳು, ಡೊಂಬಿವಿಲಿಯಲ್ಲಿ ಮದುವೆ, ಮುಂಜಿ, ಸತ್ಯನಾರಾಯಣ ಪೂಜೆಗಳಿಗೆ ಅಡುಗೆ ಮಾಡಿಸಿ ಕೊಡುವ ಕೆಲಸ. ನಮ್ಮ ಕಾಟಾದ ಹಿಂದಿನ ಅಂಗಳಕ್ಕೆ ಹಳೆಯ ಗಾಡಿಗಳು ಹರಾಜಿಗೆ ಬರುತ್ತಿದ್ದವು. ಗುಡ್ಡಗಳಲ್ಲಿ ವಿದ್ಯುತ್ ಟವರು ನಿಲ್ಲಿಸಲು ಜಾಗ ಅಳೆಯುವವರು ಬಳಸಿ ಬಿಟ್ಟ ಈ ವ್ಯಾನು ಒಂದು ದಿನ ಅಲ್ಲಿ ಬಂದು ನಿಂತಿತ್ತು. ದೊಡ್ಡ ಒಲೆಗೆ ತಗಡು ನೋಡಲು ಬಂದ ನನ್ನ ಹೆಂಡತಿ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹಿಂದಿನ ಬಾಗಿಲು ತೆಗೆದು ಇಣುಕಿ, "ಹತ್ತು ಹಂಡೆ ಹಿಡೀತದೆ" ಅಂದಳು. ಅದರ ಹಳೆಯ ಚಾಲಕನೊಬ್ಬ ಅವಳನ್ನು ಕರೆದು ಒಂದೊಂದು ಚಕ್ರವನ್ನೂ ಮುಟ್ಟಿ ತೋರಿಸಿ ಅರ್ಧ ತಾಸು ಏನೇನೋ ಹೇಳಿದ. ನಾನು ಸಿಟ್ಟಿನಲ್ಲಿ ದೂರ ನಿಂತಿದ್ದೆ. ಒಂದಕ್ಷರವನ್ನೂ ಕೇಳಿಸಿಕೊಳ್ಳಲಿಲ್ಲ.

ಗೇರಿನ ಪಕ್ಕದಲ್ಲಿ ಇನ್ನೊಂದು ಗಿಡ್ಡ ಲಿವರು ಇತ್ತು. ಅದನ್ನು ಎಳೆದರೆ ನಾಲ್ಕೂ ಚಕ್ರಗಳಿಗೆ ಇಂಜಿನಿನ ಬಲ ಹೋಗುತ್ತದೆ, ಇಲ್ಲದಿದ್ದರೆ ಹಿಂದಿನ ಎರಡಕ್ಕೆ ಮಾತ್ರ ಎಂದು ಹೆಂಡತಿ ಹೇಳಿದ್ದಳು. ಒಮ್ಮೆ ಗಾಯಮುಖದ ಏರಿನಲ್ಲಿ, ಸಾರಿನ ಹಂಡೆಗಳ ಭಾರಕ್ಕೆ ಗಾಡಿ ಏದುಸಿರು ಬಿಡುತ್ತಿದ್ದಾಗ, ಅದನ್ನು ನಿಲ್ಲಿಸಲು ಹೇಳಿ ನಾನೇ ಆ ಲಿವರು ಎಳೆದು ನೋಡಿದೆ. ಏನೂ ಆಗಲಿಲ್ಲ. ಮೊದಲು ಎಷ್ಟು ಏದುತ್ತಿತ್ತೋ ಅಷ್ಟೇ ಏದಿತು.

"ಹೆಸರಿಗೆ ನಾಕು ಗಾಲಿ. ನಿನಗ ಟೋಪಿ ಹಾಕ್ಯಾರ ನೋಡು" ಅಂದೆ.

"ಅದಕ್ಕೆ ಬೇರೆ ಕೆಲಸವೂ ಉಂಟು. ಕೇಳುವ ತಾಳ್ಮೆ ಇದ್ರೆ ಹೇಳ್ತೇನೆ" ಅಂದಳು. ನನಗೆ ತಾಳ್ಮೆ ಇರಲಿಲ್ಲ.

ಆದರೆ ದಸರೆಯಲ್ಲಿ ಆ ಗಾಡಿಯ ಖಂಡೇಪೂಜೆ ಮಾತ್ರ ನನ್ನದೇ. ನಮ್ಮ ಕಡೆ ಮಹಾನವಮಿಯಂದು ಕುಡುಗೋಲಿನಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ಎಲ್ಲಕ್ಕೂ ಪೂಜೆ, ಅದರಲ್ಲಿ ರಾಜಿಯಿಲ್ಲ. ಉಳಿದ ದಿನ ಬೈದರೂ ಆ ದಿನ ಗಾಡಿಗೆ ನಾನೇ ಸ್ನಾನ ಮಾಡಿಸುತ್ತಿದ್ದೆ. ಮುಂದಿನ ಒಂದೊಂದು ಚಕ್ರದ ನಟ್ಟನಡುವೆಯೂ ಪೇಡೆಯಷ್ಟು ದಪ್ಪದ ಒಂದು ಗುಂಡು, ಅದರ ಸುತ್ತ ತಗ್ಗು. ಬೊಟ್ಟು ಇಡಲು ಇದಕ್ಕಿಂತ ಒಳ್ಳೆಯ ಜಾಗ ಯಾವ ಗಾಡಿಯಲ್ಲೂ ನಾನು ಕಂಡಿಲ್ಲ. ಒಣ ಕುಂಕುಮ ಉದುರಿ ಹೋಗುತ್ತದೆಂದು ಎಣ್ಣೆಯಲ್ಲಿ ಕಲಸಿ, ಅರಿಶಿನ, ವಿಭೂತಿ ಸೇರಿಸಿ, ಆ ತಗ್ಗಿಗೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ತುಂಬುತ್ತಿದ್ದೆ. ಏಳು ದಸರೆ ಹೀಗೆ ಮಾಡಿದ್ದೇನೆ.

ಈಗ ಮಗಳ ಮಾತು. ಒಬ್ಬಳೇ ಮಗಳು, ಹುಟ್ಟಿದ್ದು ಬೆಳೆದದ್ದು ಡೊಂಬಿವಿಲಿ. ನಾನು ನನ್ನ ಕನ್ನಡದಲ್ಲಿ ಕೇಳಿದರೆ, ಅವಳಮ್ಮ ತನ್ನ ಕನ್ನಡದಲ್ಲೋ ತುಳುವಿನಲ್ಲೋ ಕೇಳಿದರೆ, ಇಬ್ಬರಿಗೂ ಹಿಂದಿಯಲ್ಲಿ ಉತ್ತರ. ವಿಜ್ಞಾನ ಓದಿ ಬಿ.ಎಡ್. ಮುಗಿಸಿ ಮೂರು ವರ್ಷ ಕೋಚಿಂಗ್ ಕ್ಲಾಸುಗಳಲ್ಲಿ ತಿಂಗಳಿಗೊಂದು ಜಾಗ ಬದಲಿಸಿ ದುಡಿದಳು. ಕೊನೆಗೆ ಕಾಯಂ ಕೆಲಸದ ಆದೇಶ ಬಂತು: ಕಲ್ಯಾಣದಿಂದ ಆಚೆ, ಮುರಬಾಡ ರಸ್ತೆ ಬಿಟ್ಟು ಒಳಗೆ ಹೋದರೆ ಗುಡ್ಡದ ಮೇಲೆ ಒಂದು ವಸತಿ ಶಾಲೆ. ಅಲ್ಲೇ ಇರಬೇಕು. ಆದೇಶ ಬಂದ ಹದಿನೈದನೆಯ ದಿನ ಮಧ್ಯಾಹ್ನ ಹನ್ನೆರಡರೊಳಗೆ ಹಾಜರಾಗದಿದ್ದರೆ ಆದೇಶ ರದ್ದು, ಕೆಲಸ ಪಟ್ಟಿಯಲ್ಲಿರುವ ಮುಂದಿನವರಿಗೆ.

ಮರುದಿನವೇ ಹೊರಡೋಣವೆಂದು ತಾಯಿ ಮಗಳು ಕುಣಿದರು. ನಾನು ಅಡ್ಡ ನಿಂತೆ. "ಆಷಾಢದಾಗ ಹೊಸಾ ಕೆಲಸ ಬ್ಯಾಡ. ನಾಗರ ಅಮಾಸಿ ಮುಗೀಲಿ, ಶ್ರಾವಣ ಬರ್ಲಿ, ಆಮ್ಯಾಲೆ ಹೋಗೂಣು" ಅಂದೆ. ಹಿರಿಯರ ಹೆಸರು ತೆಗೆದುಕೊಂಡೆ, ಮುಖ ಸಿಂಡರಿಸಿದೆ, ಒಂದು ದಿನ ಊಟ ಬಿಟ್ಟೆ. ಅಮಾವಾಸ್ಯೆ ಬಿದ್ದದ್ದು ಹದಿನಾಲ್ಕನೆಯ ದಿನ. ಉಳಿದದ್ದು ಒಂದೇ ಬೆಳಗು. ಅದೇ ವಾರ ಮಳೆ ಹಿಡಿದುಕೊಂಡಿತು. ಅಮಾವಾಸ್ಯೆಯ ಸಂಜೆ ಶಾಲೆಯಿಂದ ಫೋನು ಬಂತು. ನಾಲ್ಕು ದಿನದಿಂದ ಬಸ್ಸು ಮೇಲೆ ಬಂದಿಲ್ಲ, ಮುರಬಾಡದ ಜೀಪಿನವರೂ ಒಲ್ಲೆ ಅನ್ನುತ್ತಿದ್ದಾರೆ, ತಾರೀಖು ಮುಂದೆ ಹಾಕುವ ಅಧಿಕಾರ ತಮಗಿಲ್ಲ ಎಂದರು.

ಮಗಳು ಅಳಲಿಲ್ಲ. ಕಾಗದಗಳ ಫೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅದರ ಮೇಲೆ ಇನ್ನೊಂದು ಚೀಲ ಹಾಕಿ, ಗಂಟು ಹಾಕುತ್ತ ಕೂತಳು. ಹೆಂಡತಿ ಮರುದಿನದ ಆರ್ಡರನ್ನು ಕೋಪರಖೈರಣೆಯ ಇನ್ನೊಬ್ಬ ಅಡುಗೆಯವಳಿಗೆ ವಹಿಸಿ, ವ್ಯಾನಿನಿಂದ ಹಂಡೆಗಳನ್ನು ಇಳಿಸಿದಳು.

ಬೆಳಿಗ್ಗೆ ಆರಕ್ಕೆ ಬಿಟ್ಟೆವು. ಹಿಂದಿನ ದಿನ ಮರಾಠಿಯವರ ಗಟಾರಿ. ಶ್ರಾವಣದ ವ್ರತಕ್ಕೆ ಮುಂಚೆ ಬೇಕಾದಷ್ಟು ತಿಂದು ಕುಡಿದು ಮುಗಿಸುವ ಹಬ್ಬ. ಹಾಗಾಗಿ ಕಲ್ಯಾಣದ ಬೀದಿಗಳು ಇನ್ನೂ ಮಲಗಿದ್ದವು. ಆದರೂ ಶಹಾಡದ ಸುತ್ತ ನೀರು ನಿಂತು ಎರಡು ತಾಸು ಹೋಯಿತು. ಮುರಬಾಡ ರಸ್ತೆಯಲ್ಲಿ ಲಾರಿಗಳು ನಮ್ಮನ್ನು ಹಿಂದಕ್ಕೆ ಹಾಕಿ ಹೋದವು, ಒಂದು ರಿಕ್ಷಾ ಕೂಡ ಹಿಂದಕ್ಕೆ ಹಾಕಿ ಹೋಯಿತು. ನಾನು ಅದನ್ನು ಆಡಿ ತೋರಿಸಿದೆ. ಯಾರೂ ನಗಲಿಲ್ಲ.

ಒಂದು ಚಹಾದಂಗಡಿಯ ಹತ್ತಿರ ಎಡಕ್ಕೆ ತಿರುಗಿದೆವು. ಸ್ವಲ್ಪ ದೂರದಲ್ಲಿ ಡಾಂಬರು ಮುಗಿಯಿತು. ಅಲ್ಲಿಂದ ಮುಂದೆ ರಸ್ತೆ ಅನ್ನುವುದು ಬರೀ ಮಾತಿಗೆ. ಕೆಂಪು ರಾಡಿ, ಅದರಲ್ಲಿ ಟ್ರ್ಯಾಕ್ಟರು ಕೊರೆದ ಎರಡು ಕಾಲುವೆಗಳು, ಕಾಲುವೆಗಳಲ್ಲಿ ಹರಿಯುವ ನೀರು. ಒಂದು ಏರಿನ ನಡುವೆ ವ್ಯಾನು ನಿಂತಿತು. ಹಿಂದಿನ ಚಕ್ರಗಳು ಗರಗರ ಸುತ್ತಿ ರಾಡಿ ಹಾರಿಸಿದವು. ಹೆಂಡತಿ ಗಿಡ್ಡ ಲಿವರು ಎಳೆದಳು. ಮತ್ತೆ ಹಿಂದಿನವೇ ಸುತ್ತಿದವು, ಇನ್ನೊಂದು ಗೇಣು ಹೂತವು. ಗಂಟೆ ಹತ್ತು.

"ಮುಂದಿನ ಒಂದೊಂದು ಚಕ್ರದ ನಡುವೆಯೂ ಒಂದು ಗುಂಡು ಉಂಟಲ್ಲ" ಅಂದಳು ಹೆಂಡತಿ. "ಅದನ್ನು ಕೈಯಲ್ಲಿ ಲಾಕಿಗೆ ತಿರುಗಿಸ್ಬೇಕು. ಇಲ್ಲಾಂದ್ರೆ ಲಿವರು ಎಳೆದದ್ದು ಮುಂದಿನ ಚಕ್ರಕ್ಕೆ ಮುಟ್ಟುದಿಲ್ಲ. ನೀವು ಇಳೀರಿ."

ಇಳಿದೆ. ಪಾದ ಮುಳುಗುವಷ್ಟು ರಾಡಿ. ಬಲಗಡೆಯ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದರೆ ಗುಂಡೂ ಇಲ್ಲ, ತಗ್ಗೂ ಇಲ್ಲ, ಅಕ್ಷರವೂ ಇಲ್ಲ. ಏಳು ವರ್ಷದ ನನ್ನ ಭಕ್ತಿ ಎಣ್ಣೆ, ಧೂಳು, ಡೀಸೆಲ್ ಕುಡಿದು ಸಿಮೆಂಟಾಗಿ ಕೂತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಷ್ಟು ವರ್ಷ ನಾನು ಗಾಡಿಯನ್ನು ಬೈದದ್ದು ಹಾಗೇ ಆಯಿತು. ಅಡುಗೆಯ ಪೆಟ್ಟಿಗೆಯಿಂದ ಸಟ್ಟುಗ, ಪಾತ್ರೆ ಹಿಡಿಯುವ ಇಕ್ಕಳ, ತೆಂಗಿನೆಣ್ಣೆಯ ಬಾಟಲಿ ತರಿಸಿಕೊಂಡೆ. ಸಟ್ಟುಗದ ಅಂಚಿನಿಂದ ಕೆರೆದೆ. ಚಕ್ಕೆ ಚಕ್ಕೆಯಾಗಿ ಕುಂಕುಮ ಎದ್ದು ಬಂತು, ಒಳಗಿನ ಪದರುಗಳು ಇನ್ನೂ ಕೆಂಪಗಿದ್ದವು. ಎಣ್ಣೆ ಸುರಿದು, ಇಕ್ಕಳದಿಂದ ಹಿಡಿದು ತಿರುಗಿಸಿದಾಗ ಗುಂಡು ನರಳಿ, ಕಟ್ಟೆಂದು ತನ್ನ ಜಾಗಕ್ಕೆ ಕೂತಿತು. ಆ ಸದ್ದು ನನ್ನ ಅಂಗೈಯಲ್ಲಿ ಕೇಳಿಸಿತು.

ಎಡಗಡೆಯದು ಕೂರಲಿಲ್ಲ. ಕೆರೆದೆ, ಎಣ್ಣೆ ಹೊಯ್ದೆ, ಇಕ್ಕಳ ಜಾರಿ ಬೆರಳ ಗೆಣ್ಣಿನ ಚರ್ಮ ಕಿತ್ತುಹೋಯಿತು. ಮಳೆ ಬೆನ್ನಿನ ಮೇಲೆ ಬೀಳುತ್ತಿತ್ತು. ಆಗ ನನ್ನ ತಲೆಯಲ್ಲಿ ಒಂದು ಮಾತು ಬಂತು. ಅದನ್ನು ಇಲ್ಲಿ ಬರೆಯದಿದ್ದರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ. ಆಗೂದಿಲ್ಲ ಅಂತ ಎದ್ದು ನಿಂತುಬಿಟ್ಟರೆ ಮುಗಿಯಿತು. ಯಾರಿಗೂ ಗೊತ್ತಾಗುವುದಿಲ್ಲ. ಗಾಡಿ ಹಿಂದಕ್ಕೆ, ಮಗಳು ಮನೆಗೆ. ಅಮಾವಾಸ್ಯೆಯೆಂದು ನಾನು ಅಡ್ಡ ನಿಂತದ್ದು ಪಂಚಾಂಗಕ್ಕಾಗಿ ಅಲ್ಲವೆಂಬುದು ಆ ರಾಡಿಯಲ್ಲಿ ನನಗೇ ಸ್ಪಷ್ಟವಾಯಿತು. ತಾರೀಖು ತಪ್ಪಲಿ ಎಂದೇ ನಾನು ಕಾದಿದ್ದೆ. ಅವಳಿಲ್ಲದ ಮನೆಯಲ್ಲಿ ಸಂಜೆ ಕಾಟಾದಿಂದ ಬಂದು ಬಾಗಿಲು ಬಡಿಯುವುದನ್ನು ನೆನೆಸಿಕೊಂಡರೆ ನನಗೆ ಹೆದರಿಕೆಯಾಗುತ್ತಿತ್ತು.

ಬೆನ್ನಿನ ಮೇಲೆ ಮಳೆ ನಿಂತಿತು. ತಿರುಗಿ ನೋಡಿದರೆ ಮಗಳು ಕೊಡೆ ಹಿಡಿದು ನಿಂತಿದ್ದಾಳೆ. ಕೊಡೆ ಪೂರ್ತಿ ನನ್ನ ಮೇಲೆ, ಅವಳು ಪೂರ್ತಿ ಮಳೆಯಲ್ಲಿ. ಹಾಜರಾಗಲು ಉಟ್ಟಿದ್ದ ಇಸ್ತ್ರಿ ಮಾಡಿದ ಸೀರೆಯ ಅಂಚು ರಾಡಿಯಲ್ಲಿತ್ತು.

"ಪಪ್ಪಾ, ನಹೀ ಹೋತಾ ತೋ ರಹನೇ ದೋ" ಅಂದಳು. ಆಗದಿದ್ದರೆ ಬಿಟ್ಟುಬಿಡಿ ಅಂತ. ಅವಳ ದನಿಯಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ.

ಅವಳು ಬೈದಿದ್ದರೆ ನಾನು ಬಿಟ್ಟೇ ಬಿಡುತ್ತಿದ್ದೆನೇನೋ. ಹಾಗೆ ಅಂದದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆ ಹುಟ್ಟಿತು. ಸಟ್ಟುಗದ ಅಂಚನ್ನು ಗುಂಡಿನ ಬದಿಗೆ ಇಟ್ಟು, ಕಲ್ಲೊಂದನ್ನು ತೆಗೆದುಕೊಂಡು ಅದರ ಹಿಡಿಯ ಮೇಲೆ ಹೊಡೆದೆ. ಸಟ್ಟುಗ ಬಾಗಿತು. ಗುಂಡು ಒಂದು ಎಳೆ ಅಲುಗಿತು. ಇಕ್ಕಳ ಹಾಕಿ, ಎರಡೂ ಕೈಯಿಂದ, ಹಲ್ಲು ಕಚ್ಚಿ ತಿರುಗಿಸಿದೆ. ಕಟ್ಟೆಂದಿತು.

"ಆತು. ಹೊಡಿ" ಎಂದು ಹೆಂಡತಿಗೆ ಕೂಗಿದೆ.

ಮುಂದಿನದನ್ನು ನಾನು ಹೊರಗೆ ನಿಂತೇ ನೋಡಿದೆ. ಹೆಂಡತಿ ಗಿಡ್ಡ ಲಿವರನ್ನು ಇನ್ನೂ ಕೆಳಗೆ, ವೇಗ ತಗ್ಗಿಸಿ ಬಲ ಹೆಚ್ಚಿಸುವ ಗೇರಿಗೆ ಎಳೆದಳು. ಇಂಜಿನಿನ ದನಿ ದಪ್ಪಗಾಯಿತು. ನಾನು ಜೋರಾದ ಒಂದು ನೆಗೆತಕ್ಕೆ ಕಾದಿದ್ದೆ. ಅಂಥದ್ದೇನೂ ಆಗಲಿಲ್ಲ. ಮುಂದಿನ ಚಕ್ರಗಳು ಮೊಟ್ಟಮೊದಲ ಬಾರಿಗೆ ತಾವಾಗಿ ಹೊರಳಿದವು, ರಾಡಿಯೊಳಗೆ ಕೈ ಹಾಕಿ ನೆಲವನ್ನು ತಡಕಾಡಿ ಹಿಡಿದವು. ಹಿಂದಿನವು ಸುತ್ತುವುದನ್ನು ಬಿಟ್ಟು ತಳ್ಳಿದವು. ಅಷ್ಟು ದೊಡ್ಡ ಗಾಡಿ ತಾನು ಹೂತ ಹೊಂಡದಿಂದ, ಮುದುಕಿಯೊಬ್ಬಳು ಮೊಣಕಾಲ ಮೇಲೆ ಕೈಯೂರಿ ಏಳುವ ಹಾಗೆ, ಅವಸರವಿಲ್ಲದೆ ಎದ್ದು ಬಂತು. ಏಳು ವರ್ಷ ಈ ಶಕ್ತಿಯನ್ನು ಪಕ್ಕದಲ್ಲಿಟ್ಟುಕೊಂಡು ನಾನು ಸಾಂಬಾರು ಸಾಗಿಸಿದ್ದೆ.

ಹತ್ತಿ ಕೂತ ಮೇಲೆ ಅದು ಸೀಟಿನ ಮೂಲಕ ಮೈಗೆ ತಿಳಿಯತೊಡಗಿತು. ಡಾಂಬರಿನ ಮೇಲೆ ಒಲ್ಲದ ಮನಸ್ಸಿನಿಂದ ಓಡುತ್ತಿದ್ದ ಗಾಡಿ ಇದಲ್ಲ. ಏರು ಬಂದರೆ ಆಕಾಶ ಮಾತ್ರ ಕಾಣುತ್ತಿತ್ತು, ನಾವು ಸೀಟಿಗೆ ಬೆನ್ನು ಒತ್ತಿ ಮಲಗಿದಂತಿದ್ದೆವು. ಗಾಡಿ ನಡೆಯುವವನ ವೇಗದಲ್ಲಿ, ಒಂದೇ ಉಸಿರಿನಲ್ಲಿ, ಹತ್ತುತ್ತಲೇ ಇತ್ತು. ಒಂದು ಕಡೆ ಬಂಡೆ ಹತ್ತುವಾಗ ಹಿಂದಿನ ಚಕ್ರವೊಂದು ಗಾಳಿಯಲ್ಲಿ ಸುತ್ತಿತು. ಮುಂದಿನವು ಅದರ ಪಾಲಿನ ಕೆಲಸವನ್ನೂ ಮಾಡಿದವು. ಇಳಿಜಾರಿನಲ್ಲಿ ಹೆಂಡತಿ ಬ್ರೇಕಿನಿಂದ ಕಾಲೇ ತೆಗೆದಳು. ನಾನು ದೇವರನ್ನು ನೆನೆದೆ. ಗಾಡಿ ಗೇರಿನ ಬಿಗಿಯಲ್ಲೇ, ಮೆಟ್ಟಿಲು ಇಳಿದ ಹಾಗೆ, ಒಂದೊಂದೇ ಹೆಜ್ಜೆ ಇಳಿಯಿತು. ಆನೆ ನಡೆದದ್ದೇ ದಾರಿ ಅನ್ನುತ್ತಾರಲ್ಲ, ಅದನ್ನು ಆ ದಿನ ನಾನು ಕೂತು ಕಂಡೆ. ಹೆಂಡತಿಯನ್ನು ಕೂಡ ಆ ದಿನವೇ ಸರಿಯಾಗಿ ಕಂಡದ್ದು. ನಲವತ್ತೈದರ ಮೇಲೆ ಸ್ಟಿಯರಿಂಗ್ ಹಿಡಿಯಲು ಕಲಿತವಳು. ಹೆಬ್ಬೆರಳನ್ನು ಸ್ಟಿಯರಿಂಗಿನ ಹೊರಗಿಟ್ಟು, ಕುತ್ತಿಗೆ ಮುಂದೆ ಚಾಚಿ, ದೋಸೆಯ ಕಾವು ನೋಡುವ ಕಣ್ಣಿನಿಂದಲೇ ನೆಲವನ್ನು ನೋಡುತ್ತಿದ್ದಳು.

ಶಾಲೆಯ ಗುಡ್ಡಕ್ಕಿಂತ ಮೊದಲು ಹಳ್ಳ. ಅದರ ಮೇಲಿನ ತಗ್ಗು ಸೇತುವೆ ನೀರಿನಡಿ ಹೋಗಿತ್ತು, ಎರಡೂ ಬದಿಯ ಬಿಳಿ ಕಲ್ಲುಗಳ ತಲೆ ಮಾತ್ರ ಕಾಣುತ್ತಿತ್ತು. ಹೆಂಡತಿ ಇಂಜಿನ್ ನಿಲ್ಲಿಸದೆ ಕಾದಳು. ನಾನು ಗಡಿಯಾರ ನೋಡಿದೆ. ಹನ್ನೊಂದು ದಾಟಿತ್ತು. ಆಚೆಯಿಂದ ಹುಲ್ಲಿನ ಹೊರೆ ಹೊತ್ತ ಇಬ್ಬರು ಹೆಂಗಸರು ಕೈ ಕೈ ಹಿಡಿದು ದಾಟಿ ಬಂದರು. ನೀರು ಅವರ ಮೊಣಕಾಲಿಗಿಂತ ಕೆಳಗಿತ್ತು. ಅದನ್ನು ನೋಡಿಯೇ ಅವಳು ಗೇರು ಹಾಕಿದಳು.

"ಅರ್ಧಕ್ಕೆ ನಿಲ್ಲಿಸು ಅಂತ ಯಾರೂ ಹೇಳ್ಬೇಡಿ" ಅಂದಳು.

ಗಾಡಿ ಎಬ್ಬಿಸಿದ ನೀರು ಬಾಗಿಲಿನ ಸಂದಿಯಿಂದ ಒಳಗೆ ಚಿಮ್ಮಿ ಪಾದ ಮುಟ್ಟಿತು. ಗಾಡಿಯ ಮೂತಿ ಒಂದು ಅಲೆಯನ್ನು ತಳ್ಳಿಕೊಂಡು ಹೋಗುತ್ತಿತ್ತು. ನಡುವೆ ನೀರಿನ ಸೆಳೆತಕ್ಕೆ ಹಿಂಭಾಗ ಅಂಗೈಯಷ್ಟು ಪಕ್ಕಕ್ಕೆ ಸರಿಯಿತು. ಹೆಂಡತಿ ವೇಗ ಹೆಚ್ಚಿಸಲೂ ಇಲ್ಲ, ಕಡಿಮೆ ಮಾಡಲೂ ಇಲ್ಲ. ನಾಲ್ಕೂ ಚಕ್ರಗಳು ಕಾಣದ ಕಲ್ಲನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿದು ನಡೆದವು. ಮಗಳು ಫೈಲನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಳು. ಆಚೆ ದಡ ಹತ್ತಿ ನೀರು ಸುರಿಯುತ್ತ ನಿಂತ ಆ ಗಾಡಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಹನ್ನೊಂದು ನಲವತ್ತಕ್ಕೆ ಶಾಲೆಯ ಅಂಗಳ ಸೇರಿದೆವು. ಮಕ್ಕಳೆಲ್ಲ ಕಿಟಕಿಗೆ ಬಂದರು. ಮುಖ್ಯೋಪಾಧ್ಯಾಯರು ರಿಜಿಸ್ಟರು ತೆರೆದಿಟ್ಟುಕೊಂಡು, ಬರಲಾರರೆಂದು ತೀರ್ಮಾನಿಸಿ ಕೂತಿದ್ದರು. ರಾಡಿ ಮೆತ್ತಿದ ಸೀರೆಯಲ್ಲೇ ಮಗಳು ಸಹಿ ಮಾಡಿದಳು. ಬಸ್ಸಿಲ್ಲ, ಜೀಪಿಲ್ಲ, ಹೇಗೆ ಬಂದಿರಿ ಎಂದು ಅವರು ಮರಾಠಿಯಲ್ಲಿ ಕೇಳಿದರು.

"ಬಾಬಾನ್ನೀ ಆಣಲಂ" ಅಂದಳು ಮಗಳು. ಅಪ್ಪ ಕರೆದುಕೊಂಡು ಬಂದರು ಅಂತ. ಹಾಗನ್ನುವಾಗ ಅವಳು ನನ್ನ ಕಿತ್ತುಹೋದ ಗೆಣ್ಣನ್ನು ನೋಡುತ್ತಿದ್ದಳು.

ಗಾಡಿ ಹೊಡೆದವಳು ಪಕ್ಕದಲ್ಲೇ ನಿಂತಿದ್ದಳು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ನಾನು ಇಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಹಳ್ಳ ಏರುತ್ತಿದೆ, ಹೋಗುವುದಾದರೆ ಈಗಲೇ ಹೋಗಿ ಎಂದು ಶಾಲೆಯ ಜವಾನ ಬಂದು ಹೇಳಿದ. ಹಾಗಾಗಿ ಮಗಳ ಕೋಣೆ ನೋಡಲೂ ಆಗಲಿಲ್ಲ. ಟ್ರಂಕು ಇಳಿಸಿದೆವು, ತಾಯಿ ಅವಳ ಕೆನ್ನೆ ಮುಟ್ಟಿದಳು, ನಾನು "ಛೊಲೋತಂಗ ಕಲಿಸು" ಅಂದೆ. ಗಾಡಿ ತಿರುಗಿಸುವಷ್ಟರಲ್ಲಿ ಮಕ್ಕಳು ಅವಳನ್ನು ಸುತ್ತುವರಿದಿದ್ದರು, ನಮಗೆ ಅವಳ ಕೊಡೆ ಮಾತ್ರ ಕಂಡಿತು.

ಬಂದ ದಾರಿಯಲ್ಲೇ ಹಳ್ಳ ದಾಟಿದೆವು, ಏರು ಇಳಿದೆವು. ಡಾಂಬರು ಶುರುವಾದಲ್ಲಿ ಸ್ಟಿಯರಿಂಗ್ ಭಾರವಾಯಿತು. ಗಟ್ಟಿ ನೆಲದ ಮೇಲೆ ನಾಲ್ಕೂ ಚಕ್ರ ಬಿಗಿದಿದ್ದರೆ ಗಾಡಿಗೆ ತಿರುವು ಕಷ್ಟವಂತೆ. ಚಹಾದಂಗಡಿಯ ಎದುರು ನಿಲ್ಲಿಸಿ ಅವಳು ಲಿವರು ಮೇಲಕ್ಕೆ ದೂಡಿದಳು. ನಾನು ಕೇಳದೆಯೇ ಇಕ್ಕಳ ತೆಗೆದುಕೊಂಡು ಇಳಿದೆ. ಅವಳೂ ಇಳಿದು ಬಂದು, ನಾನು ಎಡಗಡೆಯ ಗುಂಡಿಗೆ ಇಕ್ಕಳ ಹಾಕುವಷ್ಟರಲ್ಲಿ, ಬಲಗಡೆಯದನ್ನು ಎರಡೇ ಬೆರಳಿನಿಂದ ಚಕ್ಕನೆ ತಿರುಗಿಸಿ ಬಂದು ನನ್ನ ಹತ್ತಿರ ನಿಂತಳು.

"ನಿನಗ ಇಷ್ಟು ಚಂದ ಬರತೈತಿ ಅಂದ್ರ, ಮುಂಜಾನಿ ನನ್ನ ಯಾಕ ಇಳಿಸಿದಿ?" ಅಂದೆ.

ಅವಳು ಗುಡ್ಡದ ಕಡೆ ನೋಡಿದಳು.

"ಅವಳು ಹೋಗುದು ನಿಮಗೆ ಬೇಡ ಇತ್ತು, ಅಲ್ವಾ? ನನಗೆ ಮೊದಲೇ ಗೊತ್ತಿತ್ತು" ಅಂದಳು. "ನಾನು ತಿರುಗಿಸಿದ್ರೆ ನಾನು ಕಳಿಸಿದ ಹಾಗೆ ಆಗ್ತಿತ್ತು. ಅಪ್ಪ ಕಳಿಸಿದ ಅಂತ ಅವಳಿಗೆ ಆಗ್ಬೇಕಿತ್ತು."

ನಾನು ಎಡಗಡೆಯ ಗುಂಡನ್ನು ತಿರುಗಿಸಿ, ಎದ್ದು, ಪಕ್ಕದ ಸೀಟಿಗೆ ಹತ್ತಿ ಕೂತೆ. ಶಹಾಡ ಬರುವವರೆಗೆ ಅತ್ತೆ. ಲಾರಿಗಳೂ ರಿಕ್ಷಾಗಳೂ ನಮ್ಮನ್ನು ಹಿಂದಕ್ಕೆ ಹಾಕಿ ಹೋಗುತ್ತಿದ್ದವು. ಅವಳು ನನ್ನ ಕಡೆ ನೋಡದೆ, ಮಳೆಯಲ್ಲಿ ನಿಧಾನವಾಗಿ ಗಾಡಿ ಹೊಡೆದಳು.